ಆನೆಗೊಂದಿಯ ಒಂದು ದಿನದ ಚಾರಣ: ಗುಡ್ಡಕ್ಕೆ ಪೂರ್ತಿ ಅಂಕ, ಊರಿಗೆ ಅರ್ಧ

"ನಡಿಯೋಕೂ ರೊಕ್ಕ ಕೊಡಬೇಕೇನು?" ಅಂತ ನಮ್ಮ ಮನೆಯವರು ಕೇಳಿದ್ದರು. ಹಂಪಿಯ ಎದುರು, ತುಂಗಭದ್ರಾ ಹೊಳೆಯ ಆಚೆ ದಂಡೆಯಲ್ಲಿರುವ ಆನೆಗೊಂದಿಯ ಹೋಂಸ್ಟೇ ಒಂದು ನಡೆಸುವ ಒಂದು ದಿನದ ಚಾರಣಕ್ಕೆ ತಲೆಗೆ 1,500 ರೂಪಾಯಿ. ನಸುಕಿನಲ್ಲಿ ಅಂಜನಾದ್ರಿ, ಅಲ್ಲಿಂದ ಗುಡ್ಡದ ಸಾಲು ಹಿಡಿದು ಆನೆಗೊಂದಿ, ಹೊಳೆ ದಾಟಿ ವಿಠ್ಠಲನ ಗುಡಿ, ಸಂಜೆಗೆ ಮಾತಂಗ ಬೆಟ್ಟ, ಕೊನೆಗೆ ವಿರೂಪಾಕ್ಷನ ಬೀದಿ. ಗೈಡು, ನಾಷ್ಟಾ, ಊಟ, ಹರಿಗೋಲು, ರಾತ್ರಿ ವಾಪಸ್ ಬರಲು ಆಟೊ ಎಲ್ಲವೂ ಅದರಲ್ಲೇ. ಜನವರಿಯಲ್ಲಿ ನಾನು, ನನ್ನ ನಾದಿನಿ, ಪಿಯುಸಿ ಓದುವ ಅವಳ ಮಗ ಹೋಗಿ ಬಂದೆವು. ರೊಕ್ಕ ದಂಡವಾಗಲಿಲ್ಲ. ಆದರೂ ಅವರ ಜೊತೆ ಜಗಳ ಆಡಲೇಬೇಕಾದ ಒಂದು ವಿಷಯ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಫೋನ್ ಎತ್ತಿದವರು ಮೊದಲು ಕೇಳಿದ್ದೇ "ಮೊಣಕಾಲು ಹೆಂಗದಾವ್ರಿ?" ಅಂತ. ನನಗೆ ಐವತ್ತು ದಾಟಿದೆ, ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತ ದಿನವಿಡೀ ನಿಂತೇ ಇರುವವಳು, ಏನೂ ತೊಂದರೆ ಇಲ್ಲ ಅಂದೆ. "ಶನಿವಾರ, ಭಾನುವಾರ ಬ್ಯಾಡ್ರಿ, ಅಂಜನಾದ್ರಿ ಮೆಟ್ಟಿಲ ಮ್ಯಾಲೆ ಕಾಲಿಡಾಕ ಜಾಗ ಇರಂಗಿಲ್ಲ. ತಾರೀಖು ಬರಕೋತೀನಿ, ಆದ್ರ ಖಾತ್ರಿ ಹಿಂದಿನ ದಿನ ಹೇಳ್ತೀನಿ. ಡ್ಯಾಮಿಂದ ನೀರು ಬಿಟ್ಟಿದ್ರ ಹರಿಗೋಲು ಹಾಕಂಗಿಲ್ಲ." ಇಷ್ಟು ಕೇಳಿದ ಮೇಲೆ ನನಗೆ ಇವರ ಮೇಲೆ ನಂಬಿಕೆ ಬಂತು.

ಈ ದಾರಿಯ ಇಡೀ ಲೆಕ್ಕ ನಿಂತಿರುವುದು ಹೊಳೆಯ ಮೇಲೆ. ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿಗೆ 33 ಗೇಟು. ಮಳೆಗಾಲದಲ್ಲಿ ಅವನ್ನು ಎತ್ತಿದರೆ ಆನೆಗೊಂದಿಗೂ ಹಂಪಿಗೂ ನಡುವೆ ಹರಿಗೋಲು ಇಳಿಸುವ ಮಾತೇ ಇಲ್ಲ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋದದ್ದು ಎಲ್ಲರಿಗೂ ನೆನಪಿರಬೇಕು. ಹೊಳೆ ತುಂಬಿದ್ದರೆ ಕಡೆಬಾಗಿಲು ಸೇತುವೆ ಮೇಲೆ ಆಟೊದಲ್ಲಿ ಸುತ್ತಿಸಿ ಬುಕ್ಕಸಾಗರದ ಕಡೆ ಇಳಿಸುತ್ತೇವೆ, ದುಡ್ಡು ಅಷ್ಟೇ ಅಂತ ಮೊದಲೇ ಹೇಳಿದರು. ಎರಡನೇ ದಾರಿಯನ್ನೂ ಯೋಚಿಸಿ ಇಟ್ಟುಕೊಂಡವರು ಅಪರೂಪ. ಆನೆಗೊಂದಿಯ ಎದುರು ದಂಡೆಯ ತಳವಾರಘಟ್ಟದಲ್ಲಿ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕಟ್ಟುವಾಗಲೇ ಕುಸಿದುಬಿದ್ದಿತ್ತು. ಅದು ನಿಂತಿದ್ದರೆ ಈ ಹರಿಗೋಲಿನ ಪ್ರಸಂಗವೇ ಇರುತ್ತಿರಲಿಲ್ಲವೇನೋ.

ಕತ್ತಲಿರುವಾಗಲೇ ಆಟೊದಲ್ಲಿ ಚಿಕ್ಕರಾಂಪುರಕ್ಕೆ ಒಯ್ದು ಅಂಜನಾದ್ರಿಯ ಬುಡದಲ್ಲಿ ಇಳಿಸಿದರು. ಮೆಟ್ಟಿಲು 575, ಬಹಳಷ್ಟು ಕಡೆ ಎತ್ತರ ಒಂದೇ ಸಮ ಇಲ್ಲ. ಬೆಳಕು ಹರಿಯುವ ಹೊತ್ತಿಗೆ ಮೇಲಿದ್ದೆವು. ಅಲ್ಲಿಂದ ಕಾಣುವುದನ್ನು ನಾನು ವರ್ಣಿಸುವುದಿಲ್ಲ, ಫೋಟೊಗಳು ಬೇಕಾದಷ್ಟಿವೆ. ಕೋತಿಗಳ ವಿಷಯ ಮಾತ್ರ ಹೇಳಬೇಕು: ನಾದಿನಿಯ ಕೈಯಲ್ಲಿದ್ದ ಬಿಸ್ಕತ್ತಿನ ಪೊಟ್ಟಣ ಹೋಗಿದ್ದು ಅವಳಿಗೆ ಗೊತ್ತಾಗಲೇ ಇಲ್ಲ. ಗೈಡು ಹುಡುಗ ನಾಷ್ಟಾದ ಡಬ್ಬಿಯನ್ನು ಆಟೊದಲ್ಲೇ ಬಿಟ್ಟು ಬಂದದ್ದು ಯಾಕೆ ಅಂತ ಆಗ ತಿಳಿಯಿತು. ಕೆಳಗಿಳಿದ ಮೇಲೆ ಒಗ್ಗರಣೆ ಮಂಡಕ್ಕಿ, ಮಿರ್ಚಿ, ಚಹಾ. ಮಿರ್ಚಿ ಬಿಸಿ ಇತ್ತು.

ಅಲ್ಲಿಂದ ಪೂರ್ವಕ್ಕೆ ನಡಿಗೆ. ಬೆಳಗಿನ ಬಿಸಿಲು ನೇರ ಮುಖಕ್ಕೆ ಹೊಡೆಯುತ್ತದೆ, ಟೋಪಿ ಬೇಕೇ ಬೇಕು, ಇದನ್ನು ಅವರು ಹೇಳಿರಲಿಲ್ಲ. ಗದ್ದೆಗಳಲ್ಲಿ ಎರಡನೇ ಬೆಳೆಯ ನಾಟಿ ನಡೆದಿತ್ತು, ಬದುವಿನ ಆಚೆ ಬಾಳೆ ತೋಟ, ಅದರ ಹಿಂದೆಯೇ ಬಂಡೆ ರಾಶಿ. ಪಂಪಾ ಸರೋವರದಲ್ಲಿ ಹತ್ತು ನಿಮಿಷ ಕೂತು, ದುರ್ಗಮ್ಮನ ಗುಡಿಗೆ ಹತ್ತಿ, ಅದರ ಮೇಲಿನ ವಾಲಿಕೋಟೆಗೆ ಹೋದೆವು.

ವಾಟ್ಸಾಪಿನಲ್ಲಿ ಕಳಿಸಿದ ಕಾರ್ಯಕ್ರಮದ ಹಾಳೆಯಲ್ಲಿ ಈ ಭಾಗಕ್ಕೆ "ಸುಲಭದಿಂದ ಮಧ್ಯಮ" ಅಂತ ಬರೆದಿದ್ದರು. ಬರೆದವರಿಗೆ ಇಪ್ಪತ್ತೈದು ವರ್ಷ ಇರಬೇಕು. ಕೋಟೆ ಬಾಗಿಲಿನವರೆಗೆ ಹೌದು, ಸುಲಭ. ಅದರಾಚೆ ಗೋಡೆಗುಂಟ ಹೋಗಿ ಆನೆಗೊಂದಿ ಕಡೆ ಇಳಿಯುವಲ್ಲಿ ಎರಡು ಕಡೆ ಕುಂಡಿ ಊರಿ ಜಾರಬೇಕು, ಒಂದು ಕಡೆ ಬಂಡೆಗಳ ಸಂದಿಯಲ್ಲಿ ಬ್ಯಾಗು ಬಿಚ್ಚಿ ಕೊಟ್ಟು ಅಡ್ಡಡ್ಡ ನುಸುಳಬೇಕು. ಹುಡುಗ ಮಾತ್ರ ಬಹಳ ಜವಾಬ್ದಾರಿಯವನು. "ಅಕ್ಕಾರ, ಕರ್ರಗ ಕಾಣೋ ಕಲ್ಲಿನ ಮ್ಯಾಲೆ ಕಾಲ ಇಡಬ್ಯಾಡ್ರಿ, ಒಣಗಿದ ಪಾಚಿ ಅದು, ಜಾರತೈತಿ" ಅಂತ ಮುಂದೆ ಮುಂದೆ ಹೋಗಿ ಕೈ ಕೊಡುತ್ತಿದ್ದ. ಕರಡಿ, ಚಿರತೆ ಇರುವ ಗುಡ್ಡ ಇದು, ಹೊತ್ತು ಮುಳುಗಿದ ಮೇಲೆ ಈ ಕಡೆ ಯಾರನ್ನೂ ಕರೆತರುವುದಿಲ್ಲ ಅಂದ. ಇಂಥ ಕಡೆ ಗೂಗಲ್ ಮ್ಯಾಪ್ ನೋಡಿಕೊಂಡು ಹೋಗುತ್ತೇವೆ ಅನ್ನುವವರು ಹೋಗಲಿ, ನಾನು ಹೋಗುವವಳಲ್ಲ.

ಕಥೆ ಹೇಳುವುದರಲ್ಲೂ ಅವನು ಚುರುಕು. ಇಲ್ಲಿ ವಾಲಿ, ಅಲ್ಲಿ ಸುಗ್ರೀವ, ಆ ಬಂಡೆ ಹಿಂದೆ ಶಬರಿ. ಎಲ್ಲ ಕೇಳಿಸಿಕೊಂಡು, "ತಮ್ಮಾ, ಈ ಗೋಡೆ ಕಟ್ಟಿದವರು ಯಾರು?" ಅಂದೆ. "ವಾಲಿನೇ ಅಂತಾರ್ರಿ ಟೀಚರ" ಅಂದು ನಕ್ಕ. ಅಕ್ಕಾರ ಹೋಗಿ ಟೀಚರ ಆಗಿದ್ದೆ ನಾನು. ವಿಜಯನಗರ ಕಟ್ಟುವ ಮೊದಲೇ ಆನೆಗೊಂದಿ ಕೋಟೆಯ ಊರು. ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ತನ್ನ ವೃತ್ತಾಂತ ಶುರು ಮಾಡುವುದೇ ದಿಲ್ಲಿಯ ಸುಲ್ತಾನ ಇಲ್ಲಿಗೆ ದಂಡೆತ್ತಿ ಬಂದ ಕಥೆಯಿಂದ. ಇಸವಿಯನ್ನು ಮಾತ್ರ 1230 ಅಂತ ಹಾಕಿ ಸುಮಾರು ನೂರು ವರ್ಷ ಹಿಂದಕ್ಕೆ ತಳ್ಳಿದ್ದಾನೆ. ಇದನ್ನು ಗೋಡೆ ಮೇಲೆ ಕೂತು ನಾನೇ ಹೇಳಿದೆ. ಹುಡುಗ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡ. ಅದಕ್ಕೆ ರಿಯಾಯಿತಿ ಏನೂ ಕೊಡಲಿಲ್ಲ.

ಈಗ ಜಗಳದ ವಿಷಯ. ಹನ್ನೊಂದೂವರೆಗೆ ಆನೆಗೊಂದಿ ಮುಟ್ಟಿದೆವು. ಹೋಂಸ್ಟೇಯಲ್ಲಿ ಊಟ: ಜೋಳದ ರೊಟ್ಟಿ, ಪುಂಡಿ ಪಲ್ಯ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಊಟಕ್ಕೆ ಒಂದು ಮಾತೂ ಆಡುವಂತಿಲ್ಲ. ಊಟವಾದ ಮೇಲೆ ಚಾಪೆ ಹಾಸಿ, ಎರಡೂವರೆವರೆಗೆ ಮಲಗಿಕೊಳ್ಳಿ ಅಂದರು. ಮಧ್ಯಾಹ್ನ ಬಂಡೆ ಹೆಂಚಿನ ಹಾಗೆ ಕಾಯುತ್ತದೆ, ಆ ಹೊತ್ತು ಗುಡ್ಡ ಹತ್ತಿಸಬಾರದು ಅನ್ನುವುದು ಸರಿಯಾದ ಲೆಕ್ಕ. ಆದರೆ ಗಗನಮಹಲು, ರಂಗನಾಥನ ಗುಡಿ, ಹೊಳೆ ದಂಡೆಯ ಹುಚ್ಚಪ್ಪಯ್ಯನ ಮಠ ಎಲ್ಲ ನಡೆದು ಹೋಗುವಷ್ಟು ಹತ್ತಿರ ಇರುವಾಗ ಊರಿನ ಭಾಗಕ್ಕೆ ಅವರ ಹಾಳೆಯಲ್ಲಿ ಇದ್ದದ್ದು ಎರಡೇ ಶಬ್ದ: "ಊಟ, ವಿಶ್ರಾಂತಿ." ಚಾರಣಕ್ಕೆ ಬಂದವರಿಗೆ ಗುಡ್ಡ ಸಾಕು ಅಂದುಕೊಂಡಿದ್ದಾರೆ. ಹಂಪಿಯಲ್ಲಿ ಇರುವುದು ಬಹುಪಾಲು ಹಾಳು. ಇದು ಜನ ಬಾಳಿಕೊಂಡು ಬಂದಿರುವ ಊರು. ಕೋಟೆ ಬಾಗಿಲೊಳಗೆ ಎತ್ತಿನ ಬಂಡಿ ಬರುತ್ತದೆ, ರಾಜಮನೆತನದವರು ಈಗಲೂ ಇದ್ದಾರೆ, ಹೆಣ್ಣುಮಕ್ಕಳು ಬಾಳೆ ನಾರಿನಲ್ಲಿ ಬುಟ್ಟಿ, ಚೀಲ ಹೆಣೆಯುತ್ತಾರೆ.

ನಾದಿನಿ, "ವೈನಿ, ನಾನಂತೂ ಏಳಂಗಿಲ್ಲ" ಅಂತ ಮಲಗಿಬಿಟ್ಟಳು. ನಾನು ಅಳಿಯನನ್ನು ಎಬ್ಬಿಸಿಕೊಂಡು ಹೋದೆ. ಹುಚ್ಚಪ್ಪಯ್ಯನ ಮಠದ ಕರಿಗಲ್ಲಿನ ಕಂಬಗಳನ್ನು ನೋಡಿ. ಚಾಣ ಹಿಡಿದು ಕಡೆದದ್ದಲ್ಲ, ತಿರುಗಣಿಗೆ ಕೊಟ್ಟು ತಿರುವಿದ ಹಾಗಿವೆ. ಚಾಲುಕ್ಯರ ಕಾಲದ ಕೆಲಸದ ಧಾಟಿ. ಅಲ್ಲಿ ನಾವಿಬ್ಬರೇ ಇದ್ದೆವು. ತಲೆಗೆ 1,500 ತೆಗೆದುಕೊಳ್ಳುವವರು ಇದನ್ನು ತೋರಿಸದೆ ಚಾಪೆ ತೋರಿಸಿದರೆ ಹೇಗೆ? ವಾಪಸ್ ಬಂದು ಹೋಂಸ್ಟೇಯ ಯಜಮಾನರಿಗೆ ಹೇಳಿದೆ. "ಎಲ್ಲಾರೂ ಮಕ್ಕೊಂತಾರ್ರಿ ಮೇಡಂ, ಕೇಳಿದವ್ರು ನೀವ ಮೊದ್ಲು" ಅಂದರು. ಕೇಳದವರಿಗೆ ತೋರಿಸುವುದಕ್ಕೇ ಅಲ್ಲವೆ ಗೈಡು ಇರುವುದು?

ಹೊಳೆ ದಾಟಿ ತಳವಾರಘಟ್ಟದಿಂದ ವಿಠ್ಠಲನ ಗುಡಿಗೆ ಹೋದೆವು. ಅಲ್ಲಿನ 40 ರೂಪಾಯಿ ಟಿಕೆಟ್ಟು ನಮ್ಮದೇ ಖರ್ಚು ಅಂತ ಕೌಂಟರ್ ಮುಂದೆ ನಿಂತಾಗ ಗೊತ್ತಾಯಿತು. ಸಣ್ಣ ಮೊತ್ತವೇ, ಆದರೆ ಮೊದಲೇ ಬರೆಯಬಹುದಿತ್ತು. ಐವತ್ತರ ನೋಟು ಹಿಡಿದು ಕಲ್ಲಿನ ರಥದ ಮುಂದೆ ಫೋಟೊ ತೆಗೆಸಿಕೊಳ್ಳುವವರ ಸಾಲು ಕಡಿಮೆಯಾಗುವಂತಿರಲಿಲ್ಲ, ಬೇಗ ಹೊರಬಿದ್ದೆವು. ಹೊಳೆಗುಂಟ ಪುರಂದರ ಮಂಟಪ, ಹಳೆಯ ಸೇತುವೆಯ ಕಲ್ಲುಕಂಬಗಳು, ಮುಂದೆ ಅಚ್ಯುತರಾಯನ ಗುಡಿ. ಆ ಗುಡಿಯ ಮುಂದಿನ ಉದ್ದನೆಯ ಬೀದಿಯಲ್ಲಿ ಸಂಜೆ ನಡೆಯುವ ಸುಖವೇ ಬೇರೆ.

ಮಾತಂಗ ಬೆಟ್ಟ ಕೊನೆಗೆ ಇಟ್ಟದ್ದು ಸರಿಯೋ ತಪ್ಪೋ ಅಂತ ನಾವು ಮೂವರೂ ಇನ್ನೂ ವಾದ ಮಾಡುತ್ತೇವೆ. ದಿನವಿಡೀ ಹನ್ನೆರಡು ಕಿಲೋಮೀಟರ್‌ನಷ್ಟು ನಡೆದ ಕಾಲಿಗೆ ಆ ಕಡಿದಾದ ಮೆಟ್ಟಿಲು ಶಿಕ್ಷೆ. ಆದರೆ ತುದಿಯ ವೀರಭದ್ರನ ಗುಡಿ ಮಾಳಿಗೆಯಿಂದ ನೋಡಿದರೆ ಬೆಳಗಿನ ಅಂಜನಾದ್ರಿ, ದಾಟಿದ ಹೊಳೆ, ವಿರೂಪಾಕ್ಷನ ಗೋಪುರ ಎಲ್ಲ ಒಂದೇ ನೋಟಕ್ಕೆ ಸಿಗುತ್ತವೆ. ಈ ಸಾಲನ್ನು ಯೋಚಿಸಿದವರಿಗೆ ನೂರಕ್ಕೆ ನೂರು. ಇಳಿಯುವಾಗ ತಲೆಗೆ ಕಟ್ಟುವ ಟಾರ್ಚು ಮೂರೂ ಜನಕ್ಕೆ ಕೊಟ್ಟರು, ಕೆಳಗೆ ಆಟೊ ಕಾಯುತ್ತಿತ್ತು. ಕತ್ತಲಾದ ಮೇಲೆ ಹರಿಗೋಲು ಇಲ್ಲ, ಕಮಲಾಪುರ, ಬುಕ್ಕಸಾಗರ ಸುತ್ತಿಯೇ ಆನೆಗೊಂದಿಗೆ ಬರಬೇಕು. ಸ್ವಂತ ಯೋಜನೆ ಹಾಕಿಕೊಂಡು ಹೋಗುವವರು ಎಡವುವುದು ಇಲ್ಲೇ.

ನವೆಂಬರಿನಿಂದ ಫೆಬ್ರವರಿ ಒಳಗೆ ಹೋಗಿ. ಡಿಸೆಂಬರಿನಲ್ಲಿ ಮಾಲೆ ಹಾಕಿದ ಭಕ್ತರು ಅಂಜನಾದ್ರಿಗೆ ಬಂದು ಸೇರುವ ಹನುಮಮಾಲೆ ವಿಸರ್ಜನೆ ಯಾವತ್ತು ಅಂತ ನೋಡಿಕೊಂಡು ಆ ಕಡೆ ಈ ಕಡೆ ಬಿಟ್ಟು ತಾರೀಖು ಹಿಡಿಯಿರಿ. ಅವರು ಕೊಡುವುದು ಒಂದೊಂದೇ ಲೀಟರಿನ ಬಾಟಲಿ, ಅದು ವಾಲಿಕೋಟೆಗೇ ಮುಗಿಯುತ್ತದೆ, ನಿಮ್ಮದೇ ಎರಡು ಲೀಟರ್ ಇರಲಿ. ಹತ್ತು ವರ್ಷದ ಒಳಗಿನ ಮಕ್ಕಳಿದ್ದರೆ ಕೋಟೆಯ ಇಳಿಜಾರು ಬಿಟ್ಟು ರಸ್ತೆ ಮೇಲೆ ಬರುತ್ತೇವೆ ಅನ್ನಿ, ಒಪ್ಪುತ್ತಾರೆ. ಬುಕ್ ಮಾಡುವಾಗಲೇ ಹುಚ್ಚಪ್ಪಯ್ಯನ ಮಠ, ಗಗನಮಹಲು ಸೇರಿಸಬೇಕು ಅಂತ ಹೇಳಿ ಬರೆಸಿಕೊಳ್ಳಿ, ಇಲ್ಲದಿದ್ದರೆ ನಿಮಗೂ ಚಾಪೆಯೇ.