ಎರೆ ಕೆಸರಿನಲ್ಲಿ ಹಬ್ ಮೋಟಾರು ಮತ್ತು ಮಿಡ್-ಡ್ರೈವ್: ಕೊಪ್ಪಳದ ಎರಡು ಚಳಿಗಾಲಗಳ ಹೋಲಿಕೆ

ಗುಡ್ಡಗಾಡಿನ ವಿದ್ಯುತ್ ಸೈಕಲ್ ಕೊಳ್ಳಲು ಹೋದವರಿಗೆ ಅಂಗಡಿಯಲ್ಲಿ ಮೊದಲು ಕೇಳಿಬರುವುದು ಮೋಟಾರು ಎಷ್ಟು ವ್ಯಾಟಿನದು, ಒಂದು ಚಾರ್ಜಿಗೆ ಎಷ್ಟು ಕಿಲೋಮೀಟರ್ ಓಡುತ್ತದೆ ಎಂಬ ಮಾತು. ಸ್ವಾತಿ, ವಿಶಾಖ ಮಳೆಗಳು ಬಂದುಹೋದ ಮೇಲೆ ಕೊಪ್ಪಳ ಜಿಲ್ಲೆಯ ಎರೆ, ಅಂದರೆ ಕಪ್ಪು ಮಣ್ಣಿನ, ಹೊಲಗಳ ದಾರಿಯಲ್ಲಿ ಎರಡು ಚಳಿಗಾಲ ಸೈಕಲ್ ಓಡಿಸಿದ ನನಗೆ, ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ ಎನ್ನಿಸಿದೆ. ಟೈರಿಗೂ ಫ್ರೇಮಿಗೂ ನಡುವೆ ಎಷ್ಟು ಸಂದಿ ಇದೆ? ಮೋಟಾರು ತನ್ನ ಬಲವನ್ನು ಯಾವ ಸೂಚನೆಯ ಮೇಲೆ ಬಿಡುತ್ತದೆ? ಕೆಸರಿನಲ್ಲಿ ಸೈಕಲ್ ಮುಂದೆ ಹೋಗುವುದೂ ನಿಲ್ಲುವುದೂ ಈ ಎರಡರ ಮೇಲೆಯೇ ನಿಂತಿದೆ.

ನಾನು ಹೋಲಿಸಿದ ಸೈಕಲ್‌ಗಳು ಎರಡು. ಮೊದಲನೆಯದು ನನ್ನದೇ: ಹಿಂದಿನ ಗಾಲಿಯ ಹಬ್ಬಿನೊಳಗೆ ಮೋಟಾರು, 27.5 ಇಂಚಿನ ಗಾಲಿ, 36 ವೋಲ್ಟ್ 10.4 ಆಂಪಿಯರ್-ಅವರ್ ಬ್ಯಾಟರಿ, ಅಂದರೆ ಸುಮಾರು 374 ವ್ಯಾಟ್-ಅವರ್, ಒಟ್ಟು ತೂಕ 24 ಕಿಲೋ. ಎರಡನೆಯದು ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಮರಳಿದ ಗೆಳೆಯನದು: ಪೆಡಲುಗಳ ನಡುವೆ ಕೂತ ಮಿಡ್-ಡ್ರೈವ್ ಮೋಟಾರು, 29 ಇಂಚಿನ ಗಾಲಿ, 500 ವ್ಯಾಟ್-ಅವರ್ ಬ್ಯಾಟರಿ, ತೂಕ 23 ಕಿಲೋ. ನನ್ನದಕ್ಕೆ ನಲವತ್ತು ಸಾವಿರದ ಆಸುಪಾಸು ಬಿದ್ದಿತ್ತು. ಅವನದಕ್ಕೆ ಅದರ ಆರು ಪಟ್ಟು. ಎರಡೂ ನೋಂದಣಿ ಬೇಡದ ವರ್ಗಕ್ಕೆ ಸೇರಿದವು. ನಮ್ಮ ದೇಶದ ನಿಯಮದಂತೆ ಆ ವರ್ಗದ ಮೋಟಾರು 250 ವ್ಯಾಟಿನೊಳಗೆ, ವೇಗ ಗಂಟೆಗೆ 25 ಕಿ.ಮೀ.ನೊಳಗೆ ಇರಬೇಕು. ನಮ್ಮಿಬ್ಬರ ಮೈತೂಕ ಹೆಚ್ಚು ಕಡಿಮೆ ಒಂದೇ. ಪ್ರತಿ ದಾರಿಯನ್ನೂ ಒಂದೇ ದಿನ, ಸೈಕಲ್‌ಗಳನ್ನು ಅದಲುಬದಲು ಮಾಡಿಕೊಂಡು ಎರಡೆರಡು ಸಲ ಓಡಿಸಿದೆವು.

ಎರಡಕ್ಕೂ ಇರುವ ಮುಖ್ಯ ವ್ಯತ್ಯಾಸ ಮೋಟಾರು ಕೂತ ಜಾಗದ್ದು ಎಂದು ನಾನು ಮೊದಲು ಎಣಿಸಿದ್ದೆ. ಓಡಿಸುತ್ತ ಹೋದಂತೆ ಸೆನ್ಸರಿನ ವ್ಯತ್ಯಾಸ ಅಷ್ಟೇ ದೊಡ್ಡದೆಂದು ತಿಳಿಯಿತು. ನನ್ನ ಸೈಕಲ್ಲಿನಲ್ಲಿರುವುದು ಪೆಡಲು ತಿರುಗುತ್ತಿದೆಯೇ ಇಲ್ಲವೇ ಎಂಬುದನ್ನಷ್ಟೇ ಗುರುತಿಸುವ ಸೆನ್ಸರು. ಪೆಡಲು ಕಾಲು ಸುತ್ತು ತಿರುಗಿದೊಡನೆ ಮೋಟಾರು ನಾವು ಆರಿಸಿಟ್ಟ ನೆರವಿನ ಹಂತದ ಪೂರ್ತಿ ಬಲವನ್ನು ಒಮ್ಮೆಲೇ ಬಿಡುತ್ತದೆ, ತುಳಿಯುವುದನ್ನು ನಿಲ್ಲಿಸಿದ ಮೇಲೂ ಅರೆಕ್ಷಣ ತಳ್ಳುತ್ತಲೇ ಇರುತ್ತದೆ. ಗೆಳೆಯನ ಸೈಕಲ್ಲಿನಲ್ಲಿ ಕಾಲು ಎಷ್ಟು ಒತ್ತುತ್ತಿದೆ ಎಂಬುದನ್ನು ಅಳೆಯುವ ಟಾರ್ಕ್ ಸೆನ್ಸರು ಇದೆ. ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಜೋರಾಗಿ ಒತ್ತಿದರೆ ಜೋರಾಗಿ ನೆರವು ಬರುತ್ತದೆ. 1993ರಲ್ಲಿ ಜಪಾನಿನ ಯಮಹಾ ಕಂಪನಿ ಮಾರುಕಟ್ಟೆಗೆ ತಂದ ಮೊದಲ ಪೆಡಲ್-ನೆರವಿನ ಸೈಕಲ್ಲಿನಲ್ಲೇ ಕಾಲಿನ ಒತ್ತಡವನ್ನು ಅಳೆದು ಬಲ ಕೊಡುವ ಈ ಏರ್ಪಾಡು ಇತ್ತು. ಡಾಂಬರು ರಸ್ತೆಯಲ್ಲಿ ಇದೊಂದು ಅನುಕೂಲ ಮಾತ್ರ ಎನ್ನಿಸಬಹುದು. ಎರೆಯಲ್ಲಿ ಹಾಗಲ್ಲ.

ಎರೆ ಮಣ್ಣಿನ ಸ್ವಭಾವವನ್ನು ಸ್ವಲ್ಪ ಹೇಳಬೇಕು, ಏಕೆಂದರೆ ಪರದೇಶದ ಕೆಸರಿನಲ್ಲಿ ಓಡಿಸಿದವರ ಸಲಹೆಗಳು ಇಲ್ಲಿ ಪೂರ್ತಿ ಹೊಂದುವುದಿಲ್ಲ. ಈ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಹೇರಳವಾಗಿದೆ. ಅದು ನೀರನ್ನು ತನ್ನ ಪದರಗಳ ನಡುವೆ ಎಳೆದುಕೊಂಡು ಹಿಗ್ಗುತ್ತದೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಸವಾರನಿಗೆ ಇದರ ಪರಿಣಾಮ ಹೀಗೆ: ಮಳೆ ಸುರಿದ ದಿನ ಮಣ್ಣು ಗಂಜಿಯಂತಾಗಿ ಟೈರಿನಿಂದ ಜಾರಿ ಬೀಳುತ್ತದೆ, ಗಾಲಿ ಜಾರುತ್ತದೆಯೇ ಹೊರತು ಸಿಕ್ಕಿಕೊಳ್ಳುವುದಿಲ್ಲ. ಎರಡನೆಯ, ಮೂರನೆಯ ದಿನ ಬಿಸಿಲಿಗೆ ನೀರು ಸ್ವಲ್ಪ ಇಳಿದಾಗ ಅದೇ ಮಣ್ಣು ಅಂಟಾಗುತ್ತದೆ. ಒಂದು ಸುತ್ತಿಗೆ ಒಂದು ಪದರ ಎಂಬಂತೆ ಟೈರಿಗೆ ಮೆತ್ತಿಕೊಂಡು, ಹತ್ತಾರು ಮಾರು ಹೋಗುವಷ್ಟರಲ್ಲಿ ಫ್ರೇಮಿನ ಸಂದಿಯನ್ನು ತುಂಬಿಬಿಡುತ್ತದೆ. ಮೇಲೆ ಒಣಗಿದಂತೆ ಕಾಣುವ ಮೂರನೆಯ ದಿನದ ದಾರಿಯೇ ಹೆಚ್ಚು ಅಪಾಯದ್ದು ಎಂಬುದನ್ನು ನಾನು ತಡವಾಗಿ ಕಲಿತೆ.

ಮೊದಲ ಪರೀಕ್ಷೆ ಕುಕನೂರಿನ ಕಡೆಯ ಬಂಡಿ ದಾರಿಯಲ್ಲಿ ನಡೆಯಿತು. 1112ರ ಮಹಾದೇವ ದೇವಾಲಯವಿರುವ ಇಟಗಿಗೆ ಹೋಗುವ ರಸ್ತೆಯನ್ನು ಬಿಟ್ಟು, ಕಡಲೆ ಮತ್ತು ಬಿಳಿಜೋಳದ ಹೊಲಗಳ ನಡುವೆ ಇಳಿದಾಗ ಮಳೆ ನಿಂತು ಎರಡು ದಿನವಾಗಿತ್ತು. ನನ್ನ ಹಬ್ ಸೈಕಲ್ಲಿಗೆ ಆಗ 2.4 ಇಂಚಿನ ಅಗಲದ ಟೈರು ಇತ್ತು. ಅಗಲವಾದ ಟೈರು ಮೆತ್ತನೆಯ ನೆಲದ ಮೇಲೆ ತೇಲುತ್ತದೆ ಎಂಬ ನಂಬಿಕೆಯಿಂದ ಹಾಕಿಸಿದ್ದೆ. ಎರಡೂ ಬದಿಗೆ ಉಳಿದ ಸಂದಿ ಆರು ಮಿಲಿಮೀಟರ್ ಮಾತ್ರ. ನೂರು ಮೀಟರ್ ದಾಟುವ ಮೊದಲೇ ಹಿಂದಿನ ಗಾಲಿ ನಿಂತಿತು, ಮೋಟಾರು ಗುಂಯ್ ಎನ್ನುತ್ತ ತಿರುಗಲಾರದೆ ಬಿಸಿಯಾಯಿತು. ತಿರುಗದ ಮೋಟಾರಿಗೆ ಹರಿಯುವ ವಿದ್ಯುತ್ತೆಲ್ಲ ಶಾಖವಾಗುತ್ತದೆ, ಹಬ್ಬಿನೊಳಗಿನ ಆ ಶಾಖ ಹೊರಗೆ ಹೋಗಲು ದಾರಿಯೂ ಕಡಿಮೆ. ಹಾಗಾಗಿ ಅಂತಹ ಸಮಯದಲ್ಲಿ ಥ್ರಾಟಲ್, ಅಂದರೆ ತುಳಿಯದೆಯೇ ಮೋಟಾರು ಓಡಿಸುವ ಕೈಹಿಡಿ, ತಿರುವುತ್ತ ನಿಲ್ಲುವುದು ಮೋಟಾರಿಗೆ ಮಾಡುವ ದೊಡ್ಡ ಕೇಡು. ಮಿಡ್-ಡ್ರೈವ್ ಸೈಕಲ್ಲಿಗೆ 2.35 ಇಂಚಿನ ಟೈರು ಇದ್ದರೂ ಸಂದಿ ಒಂಬತ್ತು ಮಿಲಿಮೀಟರ್‌ನಷ್ಟು ಇತ್ತು, ಟೈರಿನ ಗುಬುಟುಗಳು ಎತ್ತರವಾಗಿ ಬಿಡಿಬಿಡಿಯಾಗಿದ್ದವು. ಅದು ಇನ್ನೂರೈವತ್ತು ಮೀಟರ್ ಹೋಗಿ ನಿಂತಿತು. ಬೆಲೆಯ ಆರು ಪಟ್ಟಿಗೆ ದಕ್ಕಿದ್ದು ನೂರೈವತ್ತು ಮೀಟರ್.

ಬದುವಿನ ಮೇಲೆ ಕೂತು ಬೇವಿನ ಕಡ್ಡಿಯಿಂದ ಮಣ್ಣು ಕೆರೆಯುತ್ತಿದ್ದಾಗ ಪಕ್ಕದ ಹೊಲದ ಹಿರಿಯರೊಬ್ಬರು ಬಂದು ನೋಡಿ, “ಎರಿಯಾಗ ಜೋರು ನಡಿಯಂಗಿಲ್ರೀ ಸರ, ಹದ ನೋಡಿ ಹೋಗ್ಬೇಕು. ಬಂಡಿ ಗಾಲಿನೂ ನಾವು ಸಣ್ಣವೇ ಹಾಕಿಸ್ತಿದ್ವಿ” ಎಂದರು. ಬಂಡಿಯ ಕಿರಿದಾದ ಗಾಲಿ ಕೆಸರನ್ನು ಕೊಯ್ದು ಕೆಳಗಿನ ಗಟ್ಟಿ ನೆಲವನ್ನು ಮುಟ್ಟುತ್ತದೆ ಎಂಬುದು ಅವರ ಮಾತಿನ ಅರ್ಥ. ಮುಂದಿನ ವಾರವೇ ನಾನು 1.95 ಇಂಚಿನ, ಗುಬುಟುಗಳು ದೂರದೂರ ಇರುವ ಟೈರು ಹಾಕಿಸಿದೆ. ಸಂದಿ ಆರರಿಂದ ಸುಮಾರು ಹನ್ನೆರಡು ಮಿಲಿಮೀಟರ್‌ಗೆ ಏರಿತು. ಮಡ್‌ಗಾರ್ಡುಗಳನ್ನೂ ಬಿಚ್ಚಿಟ್ಟೆ. ಅದೇ ದಾರಿಯಲ್ಲಿ, ಮತ್ತೊಂದು ಮಳೆಯ ಎರಡನೆಯ ದಿನ, ನನ್ನ ಅಗ್ಗದ ಸೈಕಲ್ಲು ನಾನೂರು ಮೀಟರಿಗೂ ಹೆಚ್ಚು ದೂರ ಹೋಯಿತು, ಗೆಳೆಯನದು ಹಿಂದಿನ ಜಾಗದ ಹತ್ತಿರವೇ ನಿಂತಿತು. ಅವನಿಗೆ ಇದು ಬೇಸರ ತಂದಿತಾದರೂ ಆ ಸಂಜೆಯೇ ಕಿರಿದಾದ ಟೈರು ಹುಡುಕಲು ತೊಡಗಿದ.

ಸಂದಿಯ ತೊಡಕು ಇಲ್ಲದ ಕಡೆ ಮಾತ್ರ ಮಿಡ್-ಡ್ರೈವ್ ತನ್ನ ಬೆಲೆಯನ್ನು ತೋರಿಸುತ್ತದೆ. ಹಳ್ಳದ ದಂಡೆ ಏರುವಾಗ ಅದು ಸ್ಪಷ್ಟವಾಯಿತು. ಸವಾರ, ಸೈಕಲ್, ಮೆತ್ತಿದ ಮಣ್ಣು ಸೇರಿ ನೂರು ಕಿಲೋ ಎಂದಿಟ್ಟುಕೊಂಡರೆ, ನೂರಕ್ಕೆ ಹದಿನೈದರಷ್ಟು ಕಡಿದಾದ ಏರಿನಲ್ಲಿ ಹಿಂದಿನ ಗಾಲಿಗೆ ಸುಮಾರು 50 ನ್ಯೂಟನ್-ಮೀಟರ್ ತಿರುಚುಬಲ ಬೇಕು, ಕೆಸರಿನ ತಡೆ ಅದರ ಮೇಲೆ. ನನ್ನ ಹಬ್ ಮೋಟಾರಿನದು ಹೆಚ್ಚೆಂದರೆ 40. ಗಿಯರ್ ಬದಲಿಸಿದರೆ ನನ್ನ ಕಾಲಿಗೆ ಹಗುರವಾಗುತ್ತದೆಯೇ ಹೊರತು ಮೋಟಾರಿಗೆ ಅದರಿಂದ ಏನೂ ಸಿಗುವುದಿಲ್ಲ, ಏಕೆಂದರೆ ಅದು ಚೈನಿನ ಆಚೆ, ಗಾಲಿಯಲ್ಲಿಯೇ ಇದೆ. ಮಿಡ್-ಡ್ರೈವ್‌ನ 80 ನ್ಯೂಟನ್-ಮೀಟರ್ ಚೈನಿನ ಮೂಲಕ ಹಾದುಹೋಗುತ್ತದೆ. ಮುಂದೆ 32 ಹಲ್ಲು, ಹಿಂದೆ 48 ಹಲ್ಲಿನ ಗಿಯರ್ ಹಾಕಿದಾಗ ಗಾಲಿಯಲ್ಲಿ ಅದು 120 ಆಗುತ್ತದೆ. ಅದರ ಜೊತೆಗೆ ಟಾರ್ಕ್ ಸೆನ್ಸರು ಇರುವುದರಿಂದ ಗಾಲಿ ಜಾರತೊಡಗಿದ ಕೂಡಲೇ ಕಾಲು ಸಡಿಲಿಸಿ ಬಲವನ್ನು ತಗ್ಗಿಸಬಹುದು. ನನ್ನ ಸೈಕಲ್ಲಿನಲ್ಲಿ ಗಾಲಿ ಜಾರಿದ ಮೇಲೂ ಮೋಟಾರು ತಳ್ಳುತ್ತಲೇ ಇದ್ದು, ನಿಂತಲ್ಲೇ ಗುಂಡಿ ತೋಡುತ್ತಿತ್ತು. ಆ ದಂಡೆಯನ್ನು ಗೆಳೆಯ ಆರು ಸಲದಲ್ಲಿ ಐದು ಸಲ ಇಳಿಯದೆ ಏರಿದ, ನಾನು ಎರಡು ಸಲ.

ಮುನಿರಾಬಾದಿನಿಂದ ಗಂಗಾವತಿಯ ಕಡೆಗೆ ಹೋಗುವ ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಯಲ್ಲಿ ಪರಿಸ್ಥಿತಿ ಬೇರೆ. ಭತ್ತದ ಕಟಾವಿನ ಕಾಲಕ್ಕೆ ಚೈನ್ ಹಾರ್ವೆಸ್ಟರುಗಳು ಗದ್ದೆಯ ದಾರಿಯನ್ನು ಕಿತ್ತುಹಾಕಿರುತ್ತವೆ, ಗುಂಡಿಗಳಲ್ಲಿ ಮೊಣಕಾಲಿನ ಹತ್ತಿರದ ತನಕ ನೀರು ನಿಂತಿರುತ್ತದೆ. ಇಲ್ಲಿ ನೋಡಬೇಕಾದದ್ದು ನೀರು ಎಲ್ಲಿಯವರೆಗೆ ಬರುತ್ತದೆ ಎಂಬುದನ್ನು. ನನ್ನ ಹಬ್ಬಿನ ಅಚ್ಚು ನೆಲದಿಂದ ಸುಮಾರು 35 ಸೆಂಟಿಮೀಟರ್ ಎತ್ತರದಲ್ಲಿದೆ. ಮಿಡ್-ಡ್ರೈವ್ ಮೋಟಾರಿನ ತಳ ಅದಕ್ಕಿಂತ ಕೆಳಗಿದ್ದು, ಮುಂದಿನ ಗಾಲಿ ಎರಚುವ ಕೆಸರೆಲ್ಲ ನೇರವಾಗಿ ಅದರ ಮೇಲೆಯೇ ಬೀಳುತ್ತದೆ. ಆದರೂ ಮೊದಲು ಕೆಟ್ಟದ್ದು ನನ್ನದೇ. ಹಬ್ಬಿಗೆ ಹೋಗುವ ವೈರಿನ ಗುಂಟ ನೀರು ಒಳಗಿಳಿದು ಮೋಟಾರು ಜಗ್ಗಿ ಜಗ್ಗಿ ಓಡತೊಡಗಿತು, ಎರಡು ದಿನ ಬಿಸಿಲಿಗೆ ಇಟ್ಟ ಮೇಲೆ ಸರಿಯಾಯಿತು. ವೈರನ್ನು ಅಚ್ಚಿಗಿಂತ ಕೆಳಗೆ ಬಾಗಿಸಿ ಮತ್ತೆ ಮೇಲಕ್ಕೆ ಒಯ್ದು ಕಟ್ಟಿದರೆ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಅನಂತರ ಆ ತೊಂದರೆ ಮರುಕಳಿಸಲಿಲ್ಲ.

ಕೊಪ್ಪಳದ ಪಾಲ್ಕಿಗುಂಡಿನ ಕಡೆಯ ಕಲ್ಲುದಾರಿ, ಕುಷ್ಟಗಿಯ ಕಡೆಯ ಮಸಾರಿ (ಕೆಂಪು ಮಣ್ಣಿನ) ನೆಲ ಇವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಸಾರಿ ಬೇಗ ನೀರಿಳಿಸುತ್ತದೆ, ಅಂಟುವುದಿಲ್ಲ. ಅಲ್ಲಿ ಮಿಡ್-ಡ್ರೈವ್ ಎಲ್ಲ ರೀತಿಯಿಂದಲೂ ಮೇಲು.

ನಮ್ಮ ಸೀಮೆಯ ಸವಾರ ಮರೆಯಬಾರದ ಇನ್ನೊಂದು ಸಂಗತಿ ಮುಳ್ಳು. ಕಾಲುವೆ ದಂಡೆಯ ಉದ್ದಕ್ಕೂ ಬೆಳೆದ ಬಳ್ಳಾರಿ ಜಾಲಿ, ಹೊಲದ ಅಂಚಿನ ನೆಗ್ಗಿಲು ಮುಳ್ಳು ಇವೆರಡೂ ಕೆಸರಿನಲ್ಲಿ ಕಣ್ಣಿಗೆ ಬೀಳದೆ ಟೈರಿಗೆ ಇಳಿಯುತ್ತವೆ. ಮಿಡ್-ಡ್ರೈವ್ ಸೈಕಲ್ಲಿನ ಹಿಂದಿನ ಗಾಲಿಯನ್ನು ಒಂದೇ ಕೀಲು ಬಿಚ್ಚಿ ನಿಮಿಷದೊಳಗೆ ತೆಗೆಯಬಹುದು. ಹಬ್ ಮೋಟಾರಿನ ಗಾಲಿಗೆ ದೊಡ್ಡ ಪಾನಾ ಬೇಕು, ವೈರಿನ ಕನೆಕ್ಟರ್ ಬಿಚ್ಚಬೇಕು, ಅಚ್ಚಿನ ವಾಷರುಗಳನ್ನು ಇದ್ದಂತೆಯೇ ಮರಳಿ ಕೂರಿಸಬೇಕು. ರಾಡಿಯಲ್ಲಿ ನಿಂತು ಇದನ್ನೆಲ್ಲ ಮಾಡುವುದು ಅರ್ಧ ಗಂಟೆಯ ಕೆಲಸ. ಈಗ ನಾನು ಗಾಲಿ ಬಿಚ್ಚದೆಯೇ ಟೈರಿನ ಒಂದು ಅಂಚನ್ನು ಎಬ್ಬಿಸಿ, ಟ್ಯೂಬನ್ನು ಅಷ್ಟು ಮಾತ್ರ ಹೊರಗೆಳೆದು ಪ್ಯಾಚ್ ಹಾಕುತ್ತೇನೆ. ಗೆಳೆಯ ಟ್ಯೂಬ್‌ಲೆಸ್ ಟೈರಿಗೆ ಸೀಲೆಂಟ್ ದ್ರವ ಹಾಕಿಸಿಕೊಂಡಿದ್ದಾನೆ, ನೆಗ್ಗಿಲು ಮುಳ್ಳಿನ ಸಣ್ಣ ತೂತುಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ.

ಇಷ್ಟಾಗಿಯೂ ದೂರದ ದಾರಿಗೆ ಒಬ್ಬನೇ ಹೊರಡುವಾಗ ನಾನು ಹಬ್ ಸೈಕಲ್ಲನ್ನೇ ಆರಿಸುತ್ತೇನೆ. ಅದಕ್ಕೆ ಕಾರಣ ಯಲಬುರ್ಗಾ ಕಡೆಯ ಒಂದು ಮುಂಜಾನೆ. ಅಂದು ಮಿಡ್-ಡ್ರೈವ್ ನನ್ನ ಕೈಯಲ್ಲಿತ್ತು. ಮಣ್ಣು ಮತ್ತು ಜೋಳದ ಕೂಳೆ ಸೇರಿ ಉಂಡೆಯಾಗಿ, ಚೈನನ್ನು ಗಿಯರಿನಿಂದ ಗಿಯರಿಗೆ ಸರಿಸುವ ಹಿಂದಿನ ಡಿರೇಲರಿಗೆ ಸಿಕ್ಕಿಕೊಂಡಿತು. ಮೋಟಾರಿನ ಬಲವೆಲ್ಲ ಚೈನಿನಲ್ಲಿದ್ದುದರಿಂದ ಡಿರೇಲರು ಕಡ್ಡಿಗಳ ನಡುವೆ ಎಳೆದುಕೊಂಡು ಹೋಗಿ, ಅದನ್ನು ಹಿಡಿದಿಡುವ ಹ್ಯಾಂಗರ್ ಮುರಿಯಿತು. ಚೈನಿಲ್ಲದ ಮಿಡ್-ಡ್ರೈವ್ ಬರಿಯ ಭಾರ. ಐದು ಕಿಲೋಮೀಟರ್ ತಳ್ಳಿಕೊಂಡು ಬಂದೆ. ಹಬ್ ಸೈಕಲ್ಲಿನ ಚೈನು ತುಂಡಾದರೂ ಥ್ರಾಟಲ್ ಹಿಡಿದು ಡಾಂಬರು ರಸ್ತೆಯವರೆಗಾದರೂ ಬರಬಹುದು; ಹಾಗೆ ಒಮ್ಮೆ ಬಂದಿದ್ದೇನೆ. ಚೈನಿನ ಸವೆತವೂ ಹಾಗೆಯೇ: ಒಂದು ಚಳಿಗಾಲದ ಕೊನೆಗೆ ಅಳತೆಪಟ್ಟಿ ಇಟ್ಟು ನೋಡಿದಾಗ ಮಿಡ್-ಡ್ರೈವ್‌ನ ಚೈನು ಬದಲಿಸಬೇಕಾದ 0.75 ಶೇಕಡಾ ಹಿಗ್ಗಿನ ಗುರುತನ್ನು ದಾಟಿತ್ತು, ನನ್ನದು 0.5ನ್ನೂ ಮುಟ್ಟಿರಲಿಲ್ಲ. ಆ ಸೈಕಲ್ಲಿನ ಬಿಡಿಭಾಗಗಳು ಕೊಪ್ಪಳದಲ್ಲಿ ನಮಗೆ ಸಿಗಲಿಲ್ಲ, ಹ್ಯಾಂಗರ್ ತರಿಸಲು ಮೂರು ವಾರ ಹಿಡಿಯಿತು. ನನ್ನ ಸೈಕಲ್ಲಿನ ಕಡ್ಡಿಯಿಂದ ಬ್ರೇಕ್ ಪ್ಯಾಡಿನವರೆಗೆ ಎಲ್ಲವೂ ಊರಲ್ಲೇ ದೊರೆಯುತ್ತವೆ.

ಬ್ಯಾಟರಿಯ ಲೆಕ್ಕದಲ್ಲಿ ಚಳಿಯ ಪಾಲು ನಮ್ಮಲ್ಲಿ ಕಡಿಮೆ, ಕೆಸರಿನ ಪಾಲು ಹೆಚ್ಚು. ಒಣ ದಾರಿಯಲ್ಲಿ ಕಿಲೋಮೀಟರಿಗೆ 9 ವ್ಯಾಟ್-ಅವರ್ ತಿನ್ನುತ್ತಿದ್ದ ನನ್ನ ಸೈಕಲ್ಲು ಎರೆಯಲ್ಲಿ 20ರ ಹತ್ತಿರ ತಿಂದಿತು, ಅಂದರೆ ನಲವತ್ತು ಕಿಲೋಮೀಟರ್ ಓಡುವುದು ಹದಿನೆಂಟಕ್ಕೆ ಇಳಿಯಿತು. ಮಿಡ್-ಡ್ರೈವ್ ಅದೇ ದಾರಿಯಲ್ಲಿ 14ರ ಆಸುಪಾಸಿನಲ್ಲಿತ್ತು.

ತೊಳೆಯುವ ವಿಷಯದಲ್ಲಿ ಎರಡಕ್ಕೂ ಒಂದೇ ಎಚ್ಚರಿಕೆ: ಬೈಕುಗಳಿಗೆ ಮಾಡುವ ವಾಟರ್ ಸರ್ವಿಸ್ ಬೇಡ. ಆ ಒತ್ತಡದ ನೀರು ಬೇರಿಂಗಿನ ಸೀಲುಗಳನ್ನು ದಾಟಿ ಗ್ರೀಸನ್ನು ತೊಳೆದುಬಿಡುತ್ತದೆ. ಎರೆ ಮಣ್ಣನ್ನು ಒಣಗಲು ಬಿಟ್ಟರೆ ಅದು ತಾನೇ ಕುಗ್ಗಿ ಹೆಕ್ಕಳಿಕೆಯಾಗಿ ಉದುರುತ್ತದೆ; ಚೈನನ್ನು ಮಾತ್ರ ಅಂದೇ ಒರೆಸಿ ಎಣ್ಣೆ ಬಿಡಬೇಕು. ಡಿಸ್ಕ್ ಬ್ರೇಕಿನ ರೆಸಿನ್ ಪ್ಯಾಡುಗಳು ಕೆಸರಿನಲ್ಲಿ ಬೇಗ ಸವೆಯುವುದರಿಂದ ಎರಡೂ ಸೈಕಲ್‌ಗಳಿಗೆ ಲೋಹದ ಪುಡಿ ಬೆರೆಸಿದ ಪ್ಯಾಡುಗಳನ್ನು ಹಾಕಿಸಿದ್ದೇವೆ.

ಈ ಸಲದ ಹಿಂಗಾರಿಗೆ ಮೊದಲು ನಾನು ನನ್ನ ಹಬ್ ಸೈಕಲ್ಲಿಗೆ ಟಾರ್ಕ್ ಸೆನ್ಸರು ಇರುವ ಪೆಡಲ್ ಅಚ್ಚನ್ನೂ ಅದಕ್ಕೆ ಹೊಂದುವ ಕಂಟ್ರೋಲರನ್ನೂ ಕೂರಿಸಿಕೊಂಡೆ. ಮೋಟಾರು ಅದೇ, ಟೈರು ಅದೇ 1.95 ಇಂಚಿನದು. ಮೊನ್ನೆ ಸ್ವಾತಿ ಮಳೆಯ ಮರುದಿನ, ಮಣ್ಣು ಇನ್ನೂ ಗಂಜಿಯಾಗಿದ್ದಾಗ, ಬಿತ್ತಿದ ಸಾಲುಗಳಿಗೆ ಗಾಲಿ ತಾಗದಂತೆ ಬಂಡಿ ದಾರಿಯಲ್ಲೇ ಹೋಗಿ ಅದೇ ಹಳ್ಳದ ದಂಡೆಯನ್ನು ಏರಿ ನೋಡಿದೆ. ಆರು ಸಲದಲ್ಲಿ ನಾಲ್ಕು ಸಲ ಕಾಲು ನೆಲಕ್ಕೆ ತಾಗಲಿಲ್ಲ.