ಕೈತೋಟ, ಅಡುಗೆ ಕಲಿಯಲು ಬೆಂಗಳೂರಿನಲ್ಲಿ ಎಲ್ಲಿಗೆ ಹೋಗೋಣ?

ತರಕಾರಿ ಬೆಳೆಯೋದನ್ನು ಬುಡದಿಂದ ಕಲಿಯಬೇಕಾ? ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತರಬೇತಿಯೇ ಗಟ್ಟಿ. ಅರ್ಕಾ ಅನಾಮಿಕ ಬೆಂಡೆ, ಅರ್ಕಾ ರಕ್ಷಕ್ ಟೊಮೆಟೊ ತಳಿಗಳನ್ನು ರೂಪಿಸಿದ್ದು ಅಲ್ಲೇ. ಆದರೆ ದೂರ ಜಾಸ್ತಿ. ತರಬೇತಿ ಯಾವ ದಿನ ಅಂತ ವಿಚಾರಿಸಿಕೊಂಡೇ ಹೊರಡಿ.

‘ಊಟ ಫ್ರಮ್ ಯುವರ್ ತೋಟ’ ಮೇಳದ ರೀತಿಯೇ ಬೇರೆ. ತಾರಸಿಯಲ್ಲಿ ಬೆಳೆಯುವವರು ಸೇರಿ ಬೀಜ, ಸಸಿ ಹಂಚಿಕೊಳ್ಳುತ್ತಾರೆ. ಮೊದಲ ಕುಂಡ ಇಡುವವರಿಗೆ ನಾನು ಹೇಳೋದು ಇದನ್ನೇ. ಗಿಡಕ್ಕೆ ಹುಳ ಬಿದ್ದಾಗ ಕೇಳೋಕೆ ಪರಿಚಯದವರು ಬೇಕು, ಅಲ್ವಾ? ಮಾತಿನ ನಡುವೆ ಒಂದೆಲಗದ ತಂಬುಳಿ ಮಾಡುವ ಬಗೆಯೂ ಸಿಕ್ಕೀತು.

ಒಲೆಯ ಕಡೆಗೇ ಮನಸ್ಸಿದ್ದರೆ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದ ಬೇಕರಿ ತರಬೇತಿ ಕೇಂದ್ರ ಇದೆ. ಬ್ರೆಡ್, ಬಿಸ್ಕತ್ತು ಕೈಯಾರೆ ಮಾಡಿ ಕಲಿಯಬಹುದು. ಸಾರು, ಪಲ್ಯ ಕಲಿಯುವ ಆಸೆಗೆ ಅದು ಹೊಂದದು.