ಓದದೆ ಸಹಿ ಹಾಕಿದೆ, ಕೋರ್ಟಲ್ಲಿ ಮಾನ ಹೋಯ್ತು

ಮೆಲ್ಬರ್ನ್‌ನಲ್ಲಿ ಪ್ರೊಟೆಕ್ಷನ್ ವೀಸಾ (ಊರಿಗೆ ವಾಪಸ್ ಹೋದರೆ ಅಪಾಯ ಅನ್ನುವವರು ಕೇಳುವ ಆಶ್ರಯದ ವೀಸಾ) ರಿಜೆಕ್ಟ್ ಆಗಿ, ಕೋರ್ಟಿಗೆ ಹೋಗೋಣ ಅಂತಿರುವವರು ದಯವಿಟ್ಟು ಇದನ್ನು ಓದಿ. ಬರೆಯೋಕೆ ನಾಚಿಕೆ ಆಗುತ್ತಿದೆ. ಆದರೆ ನನ್ನ ಕೋರ್ಟ್ ಅರ್ಜಿ ಮಾಡಿಕೊಟ್ಟ ಮನುಷ್ಯ ಇವತ್ತಿಗೂ ನಮ್ಮವರ ಹತ್ತಿರವೇ ದುಡ್ಡು ಕೀಳುತ್ತಿದ್ದಾನೆ.

ನಾನು ಮದ್ದೂರಿನ ಕಡೆಯವನು. ಬೇರೆ ಜಾತಿಯ ಹುಡುಗಿಯನ್ನು ಮದುವೆಯಾದೆ, ಅವಳ ಮನೆಯವರು ಕಡಿದು ಹಾಕ್ತೀವಿ ಅಂದರು, ಮಿಕ್ಕಿದ್ದನ್ನು ಹೇಳಬೇಕಿಲ್ಲ. ಊರಲ್ಲಿ ಭಯ ಇದ್ದರೆ ಬೆಂಗಳೂರಲ್ಲಿ ಇರಬಹುದು ಅಂತ ಟ್ರಿಬ್ಯುನಲ್ (ವೀಸಾ ರಿಜೆಕ್ಟ್ ಆದರೆ ಕೋರ್ಟಿಗೂ ಮೊದಲು ಅದನ್ನು ಮತ್ತೆ ಪರಿಶೀಲಿಸುವ ಸಂಸ್ಥೆ) ಅರ್ಜಿ ತಳ್ಳಿಹಾಕಿತು. ಮದ್ದೂರಿಂದ ಬೆಂಗಳೂರಿಗೆ ರೈಲಲ್ಲಿ ಒಂದೂವರೆ ಗಂಟೆ ಸ್ವಾಮಿ! ಅವಳ ಚಿಕ್ಕಪ್ಪ ಬೆಂಗಳೂರಲ್ಲೇ ಇದ್ದಾನೆ, ನಮ್ಮ ಬಾಡಿಗೆ ಮನೆ ಹುಡುಕಿಕೊಂಡು ಬಂದಿದ್ದ ಅಂತ ಅಲ್ಲಿ ಹೇಳಿದ್ದೆ. ತೀರ್ಪಿನಲ್ಲಿ ಅದರ ಸುದ್ದಿಯೇ ಇಲ್ಲ.

ಕೋರ್ಟಿಗೆ ಹೋಗಲು ತೀರ್ಪಿನ ದಿನದಿಂದ 35 ದಿನ ಅಷ್ಟೇ. ಗಾಬರಿಯಲ್ಲಿದ್ದೆ. ಆಗ ಸಿಕ್ಕಿದ ಇವನು. "ಟೆನ್ಷನ್ ಬಿಡಿ ಬ್ರದರ್, ಕೋರ್ಟಲ್ಲಿ ವೀಸಾ ಕೊಟ್ಟೇ ಕೊಡ್ತಾರೆ" ಅಂದ. ಮಂಡ್ಯದ ಮಾತು ಕಿವಿಗೆ ಬಿದ್ದಿದ್ದೇ ಕರಗಿಬಿಟ್ಟೆ. 3,500 ಡಾಲರ್ ಕ್ಯಾಶ್ ಕೊಟ್ಟೆ, ರಸೀದಿ ಕೇಳಲಿಲ್ಲ. ಕಡೇ ದಿನ ಕಾರ್ ಪಾರ್ಕಿಂಗ್‌ನಲ್ಲಿ ಕಾರಿನ ಬಾನೆಟ್ ಮೇಲೆ ಪೇಪರ್ ಹರಡಿದ, ಪೆನ್ಸಿಲ್‌ನಲ್ಲಿ ಇಂಟು ಮಾರ್ಕ್ ಇದ್ದ ಕಡೆಯೆಲ್ಲ ಸಹಿ ಹಾಕಿದೆ. ಬಿ.ಇ. ಓದಿದ್ದೇನೆ ನಾನು. ಒಂದು ಸಾಲೂ ಓದಲಿಲ್ಲ.

ಎರಡು ವರ್ಷಕ್ಕೂ ಜಾಸ್ತಿ ಕಾದ ಮೇಲೆ ಸರದಿ ಬಂತು. ನನ್ನ ಜೊತೆ ಯಾರೂ ಇಲ್ಲ, ಇವನ ಫೋನ್ ಸ್ವಿಚ್ ಆಫ್. ಜಡ್ಜ್ ನನ್ನ ಅರ್ಜಿಯನ್ನು ಓದಿದರು: ಅರ್ಜಿದಾರರು ಪಂಜಾಬಿಗೆ ವಾಪಸ್ ಹೋದರೆ ಆಗುವ ಅಪಾಯವನ್ನು ಟ್ರಿಬ್ಯುನಲ್ ನೋಡಿಲ್ಲ. ಆಮೇಲೆ ತಲೆ ಎತ್ತಿ ಏನೋ ಕೇಳಿದರು. ಇಂಟರ್‌ಪ್ರಿಟರ್ ಅದನ್ನೇ ಕನ್ನಡದಲ್ಲಿ ಹೇಳಿದರು: "ನೀವು ಪಂಜಾಬಿನವರಾ?" ಇಂಗ್ಲಿಷಲ್ಲೇ ಅರ್ಥವಾಗಿತ್ತು, ಕನ್ನಡದಲ್ಲಿ ಇನ್ನೊಂದು ಸಲ ಕೇಳಿದಾಗ ನೆಲ ಬಾಯಿಬಿಟ್ಟು ನುಂಗಬಾರದಾ ಅನ್ನಿಸಿತು. ಪಂಜಾಬ್! ಯಾರದೋ ಹಳೇ ಅರ್ಜಿಗೆ ನನ್ನ ಹೆಸರು ಅಂಟಿಸಿದ್ದ.

ನನ್ನ ಕಥೆ ಹೇಳೋಕೆ ಹೋದೆ. ನಿಮ್ಮ ಭಯ ನಿಜವೋ ಸುಳ್ಳೋ ಅಂತ ನಾನು ತೀರ್ಮಾನಿಸುವಂತಿಲ್ಲ, ಟ್ರಿಬ್ಯುನಲ್ ಕಾನೂನು ತಪ್ಪಿದೆಯಾ ಅಂತ ಮಾತ್ರ ನೋಡಬಹುದು ಅಂದರು. ಗೆದ್ದರೂ ಕೋರ್ಟ್ ವೀಸಾ ಕೊಡುವುದಿಲ್ಲ, ಕೇಸ್ ಮತ್ತೆ ಟ್ರಿಬ್ಯುನಲ್‌ಗೇ ಹೋಗುತ್ತದೆ. ಇದು ನನಗೆ ಗೊತ್ತಾಗಿದ್ದೇ ಅವತ್ತು. ಅರ್ಜಿ ವಜಾ. ಕೇಸಲ್ಲಿ ಎದುರು ಪಾರ್ಟಿ ಇಮಿಗ್ರೇಷನ್ ಮಿನಿಸ್ಟರ್, ಅವರ ಕಡೆಯ ವಕೀಲರ ಖರ್ಚು ಎಂಟು ಸಾವಿರ ಡಾಲರ್ ಹತ್ತಿರ, ಅದೂ ನನ್ನ ತಲೆ ಮೇಲೆ.

ಆಮೇಲೆ ಇವನ ಉತ್ತರ ನೋಡಿ. "ನಾನು ತಗೊಂಡಿದ್ದು ಬರೀ ಟೈಪಿಂಗ್ ಚಾರ್ಜ್." ಟೈಪಿಂಗ್‌ಗೆ 3,500! "ನನ್ನ ಹೆಸರು ಎಲ್ಲಿದೆ ತೋರಿಸಿ." ನಿಜ, ಎಲ್ಲೂ ಇಲ್ಲ, ವಕೀಲರಿಲ್ಲದೆ ನಾನೇ ಹಾಕಿದ ಅರ್ಜಿ ಅಂತ ಇದೆ. "ಸಹಿ ನಿಮ್ಮದೇ ಅಲ್ವಾ?"

ಸಹಿ ನನ್ನದೇ.

ಹೊಟ್ಟೆ ಉರಿಯುವುದು ಇದಕ್ಕೆ: ಆಮೇಲೆ ಸಿಕ್ಕ ವಕೀಲರೊಬ್ಬರು ಟ್ರಿಬ್ಯುನಲ್ ತೀರ್ಪು ಓದಿ, ಆ ಚಿಕ್ಕಪ್ಪನ ವಿಷಯವನ್ನು ಟ್ರಿಬ್ಯುನಲ್ ನೋಡದೇ ಬಿಟ್ಟಿದ್ದರೆ ಅದೇ ವಾದಿಸುವಂಥ ಪಾಯಿಂಟ್ ಆಗಿತ್ತು ಅಂದರು. ನನ್ನ ಅರ್ಜಿಯಲ್ಲಿ ಚಿಕ್ಕಪ್ಪ ಇಲ್ಲ, ಪಂಜಾಬ್ ಇದೆ.

ರಿಜಿಸ್ಟರ್ ಆದ ಮೈಗ್ರೇಷನ್ ಏಜೆಂಟ್ (ವೀಸಾ ಅರ್ಜಿಗೆ ಸಲಹೆ ಕೊಡುವವನು) ಕೂಡ ವಕೀಲನಲ್ಲದಿದ್ದರೆ ಕೋರ್ಟಲ್ಲಿ ನಿಮ್ಮ ಪರ ನಿಲ್ಲುವಂತಿಲ್ಲ. ಇವನು ಏಜೆಂಟೂ ಅಲ್ಲ, ರಿಜಿಸ್ಟರ್ ಆದವರ ಪಟ್ಟಿ ಆನ್‌ಲೈನಲ್ಲೇ ಇದೆ, ಎರಡು ನಿಮಿಷದಲ್ಲಿ ನೋಡಬಹುದಿತ್ತು. ವಕೀಲರ ಹತ್ತಿರ ಹೋಗಿ, ಮೊದಲ ವಾರದಲ್ಲೇ ಹೋಗಿ. ಅರ್ಜಿಯಲ್ಲಿ ತನ್ನ ಹೆಸರು ಹಾಕಲು ಒಪ್ಪದವನಿಗೆ ಒಂದು ಡಾಲರೂ ಕೊಡಬೇಡಿ.

ನಿನ್ನೆ ಮತ್ತೆ ಮೆಸೇಜ್ ಹಾಕಿದ್ದಾನೆ. "ಬ್ರದರ್, ಮಿನಿಸ್ಟರ್‌ಗೆ ಒಂದು ಲೆಟರ್ ಹಾಕೋಣ. ನಿಮಗೆ ಅಂತ 1,500."